ಮರಳುವಾಗ ಬ್ಯಾಂಡ್ ನುಡಿಸುವುದಿಲ್ಲ

ಪೀ. ಪೀ.

ಮೊದಲನೆಯದು ಗಿಡ್ಡ, ಎರಡನೆಯದು ಕೊಂಚ ಉದ್ದ. ಮೆಲ್ಬರ್ನಿನ ಪಾಯಿಂಟ್ ಕುಕ್‌ನ ಶಾಲೆಯ ಮುಂದೆ ಬೆಳಗ್ಗೆ ಹೀಗೆ ಎರಡು ಸಲ ವಿಸಿಲ್ ಕೇಳಿತೆಂದರೆ ಎರಡೂ ಕಡೆಯ ಕಾರುಗಳು ನಿಂತಿವೆ, ಇನ್ನು ದಾಟಬಹುದು ಎಂದು ಮಕ್ಕಳಿಗೆ ಗೊತ್ತು. ಕಿತ್ತಳೆ ಬಣ್ಣದ ಕೋಟು ತೊಟ್ಟು, ತುದಿಗೆ ‘ಸ್ಟಾಪ್’ ಎಂಬ ಫಲಕವಿರುವ ಉದ್ದ ಕೋಲನ್ನು ಹಿಡಿದು ರಸ್ತೆಯ ನಡುವೆ ನಿಲ್ಲುವ ಸೆಡ್ರಿಕ್ ಕ್ರಾಸ್ತಾ ಎರಡನೆಯ ವಿಸಿಲನ್ನು ಯಾವತ್ತೂ ತುಸು ಮೇಲಿನ ಸ್ವರಕ್ಕೆ ಎತ್ತಿ ಬಿಡುತ್ತಾನೆ. ಅದು ಅವನ ಹಳೆಯ ಅಭ್ಯಾಸ. ಟ್ರಂಪೆಟ್ ಊದಿದ ಬಾಯಿ, ಪ್ಲಾಸ್ಟಿಕ್ ವಿಸಿಲ್ ಕೊಟ್ಟರೂ ಸುಮ್ಮನೆ ಊದುವುದಿಲ್ಲ.

ಆ ಶುಕ್ರವಾರ ಮಾತ್ರ ಮೊದಲ ವಿಸಿಲ್ ಕೇಳಿದ ಮೇಲೆ ಎರಡನೆಯದು ಬರಲಿಲ್ಲ. ಮಕ್ಕಳು ಅಂಚಿನಲ್ಲಿ ಕಾದರು. ಒಬ್ಬಳು ಒಂದು ಕಾಲನ್ನು ಅರ್ಧ ಎತ್ತಿ, ಸೆಡ್ರಿಕ್‌ನ ಬಾಯಿಯನ್ನೇ ನೋಡುತ್ತ ನಿಂತಳು. ನಾನು ಊದಿದರೆ ಆ ಕಾಲು ಕೆಳಗೆ ಬರುತ್ತದೆ, ಮುಂದಕ್ಕೆ ಬರುತ್ತದೆ ಎಂಬುದು ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಹಿಂದಿನ ಕಾರೊಂದು ಹಾರ್ನ್ ಹೊಡೆದಾಗಲೇ ಅವನು ಎರಡನೆಯದನ್ನು ಊದಿದ್ದು. ಅದೂ ತೆಳ್ಳಗೆ ಬಂತು.

“ಏನ್ ಸೆಡ್ರಿಕ್ ಅವ್ರೇ, ಇವತ್ತು ಗಾಳಿ ಖಾಲಿನಾ?” ಮೊಮ್ಮಗಳನ್ನು ಶಾಲೆಗೆ ಬಿಟ್ಟು ಹಿಂದಿರುಗುತ್ತಿದ್ದ ಚಂದ್ರಮೋಹನ್ ಕೇಳಿದರು. ಮೈಸೂರಿನವರು, ನಿವೃತ್ತ ಎಂಜಿನಿಯರ್. ಬೆಳಗಿನ ಈ ಹತ್ತು ನಿಮಿಷದ ಕನ್ನಡಕ್ಕಾಗಿಯೇ ಶಾಲೆಯ ಬೇಲಿಯ ಹತ್ತಿರ ನಿಲ್ಲುವವರು.

“ಎಂತದೋ ನೆನಪಾಯ್ತು ಮಾರಾಯ್ರೆ.”

“ರೋಡ್ ಮಧ್ಯ ನಿಂತು ನೆನಪು ಮಾಡ್ಕೋಬೇಡಿ. ಆ ಬಿಳೀ ಕಾರಿನೋನ ಮುಖ ನೋಡಿದ್ರಾ? ನಿಮ್ಮನ್ನ ಅಲ್ಲೇ ಇಸ್ತ್ರಿ ಮಾಡಿಬಿಡ್ತಿದ್ದ.”

“ಮಾಡಿದ್ರೆ ಒಳ್ಳೇದೇ ಆಗ್ತಿತ್ತು. ಆದಿತ್ಯವಾರದ ಕೆಲಸ ಒಂದು ತಪ್ತಿತ್ತು.”

ಚಂದ್ರಮೋಹನರ ನಗು ಅರ್ಧಕ್ಕೆ ನಿಂತಿತು. “ತೀರ್ಕೊಂಡ ನಿಮ್ ಶಿಷ್ಯಂಗೆ ಚರ್ಚಲ್ಲಿ ಪೂಜೆ ಅಲ್ವಾ? ಆ ಬರ್ಮಾ ಹುಡುಗ.”

“ಹೌದು. ಪ್ಲೂ ರೇ.”

“ಸೈನಿಕರ ವಿರುದ್ಧ ಜನಾನೇ ಎದ್ದು ಹೋರಾಡ್ತಿದಾರೆ ಅಂದ್ರೆ ಸಾಮಾನ್ಯ ಅಲ್ಲ ರೀ. ದೇಶಕ್ಕೆ ಅಂತ ಹೋದ, ಪುಣ್ಯವಂತ.”

“ದೇಶ ಅಂತೀರಿ. ಅವನು ಹುಟ್ಟಿದ್ದು ಥಾಯ್ಲೆಂಡಿನ ನಿರಾಶ್ರಿತರ ಕ್ಯಾಂಪಿನಲ್ಲಿ. ಬೆಳೆದದ್ದು ಇಲ್ಲೇ, ವೆರಿಬಿಯಲ್ಲಿ. ಆ ದೇಶದಲ್ಲಿ ಒಂದು ರಾತ್ರಿ ಮಲಗಿದವನಲ್ಲ. ಮೊದಲ ಸಲ ಹೋದದ್ದೇ ಬಂದೂಕು ಹಿಡೀಲಿಕ್ಕೆ.”

ಚಂದ್ರಮೋಹನ್ ತಮ್ಮ ಮೊಬೈಲನ್ನು ಜೇಬಿನ ಮೇಲಿಂದಲೇ ತಟ್ಟಿದರು. “ನಮ್ ವಾಟ್ಸಾಪ್ ಗ್ರೂಪಲ್ಲಿ ನೋಡಿ, ದಿನಾ ಬೆಳಗ್ಗೆ ಒಬ್ಬೊಬ್ರು ಯುದ್ಧಕ್ಕೆ ಹೊರಡ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ರೂ ವಾಪಸ್. ನಾನೂ ಸೇರಿ.” ಬೇಲಿಯ ಕಂಬಿಯನ್ನು ಉಗುರಿನಿಂದ ಕೆರೆದು, “ಭಾನುವಾರ ಏನ್ ಊದ್ಬೇಕಂತೆ?” ಎಂದರು.

ಸೆಡ್ರಿಕ್ ಫಲಕವನ್ನು ಹೆಗಲಿಗೆ ಒರಗಿಸಿಕೊಂಡ. “ಎರಡು ಊದ್ಬೇಕಂತೆ. ಒಂದು ದುಃಖದ್ದು. ಅದಾದ ಮೇಲೆ ಸಿಡ್ನಿಯಲ್ಲಿ ಊದಿದ್ದು.”

ಸಿಡ್ನಿಯಲ್ಲಿ ಊದಿದ್ದು ಏನೆಂದು ಚಂದ್ರಮೋಹನರಿಗೆ ಗೊತ್ತಿತ್ತು. ಅವರು ಬೇಲಿಯಿಂದ ಕೈ ತೆಗೆದು ಮನೆಯ ಕಡೆಗೆ ಹೊರಟರು.

ಸೆಡ್ರಿಕ್ ಮಂಗಳೂರಿನ ಹತ್ತಿರದ ಕಿನ್ನಿಗೋಳಿಯ ಕಡೆಯವನು. ಅಲ್ಲಿ ಅವನ ಚಿಕ್ಕಪ್ಪ ಜೆರಿ ಬಾಪ್ಪುವಿನದು ಒಂದು ಬ್ರಾಸ್ ಬ್ಯಾಂಡ್ ಇತ್ತು. ಅದೇ ಕೋಟು, ಅದೇ ಟೋಪಿ, ಅದೇ ವಾದ್ಯ. ಶನಿವಾರ ಮದುವೆ, ಸೋಮವಾರ ಮರಣ. ಮನೆಯವರು ಏನು ಕೇಳಿದರೋ ಅದನ್ನು ನುಡಿಸಬೇಕು, ಯಾಕೆ ಎಂದು ಕೇಳಬಾರದು ಎಂಬುದು ಬ್ಯಾಂಡಿನ ಮೊದಲ ಪಾಠ. ಸತ್ತವರನ್ನು ಮನೆಯಿಂದ ಇಗರ್ಜಿಗೆ, ಎಂದರೆ ಚರ್ಚಿಗೆ, ಅಲ್ಲಿಂದ ಗೋರಿಯವರೆಗೆ ನಿಧಾನದ ಮಾರ್ಚ್ ನುಡಿಸುತ್ತ ಕರೆದೊಯ್ಯುವುದು. ಮಣ್ಣು ಬಿದ್ದ ಮೇಲೆ ವಾದ್ಯದ ಬಾಯಿಕೊಳವೆ ಕಳಚಿ ಜೇಬಿಗೆ ಹಾಕಿ, ವಾದ್ಯವನ್ನು ಕಂಕುಳಲ್ಲಿ ಇಟ್ಟುಕೊಂಡು, ಒಬ್ಬರೊಡನೊಬ್ಬರು ಮಾತಾಡದೆ ಹಿಂದಿರುಗುವುದು. ಮರಳುವಾಗ ಬ್ಯಾಂಡ್ ನುಡಿಸುವುದಿಲ್ಲ. ಹುಡುಗ ಸೆಡ್ರಿಕ್ ಒಮ್ಮೆ ಯಾಕೆ ಎಂದು ಕೇಳಿಬಿಟ್ಟಿದ್ದ. “ನುಡಿಸಿದ್ರೆ ಜನರ ಕಾಲು ಹಗುರ ಆಗ್ತದೆ. ಇವತ್ತು ಒಂದು ದಿನ ಭಾರ ಇರ್ಲಿ,” ಎಂದಿದ್ದ ಬಾಪ್ಪು, ದಾರಿಯ ಧೂಳನ್ನು ಉಗಿಯುತ್ತ.

ಆಮೇಲೆ ಮಸ್ಕತ್ತು, ಮದುವೆ, ನರ್ಸ್ ಆಗಿದ್ದ ಹೆಂಡತಿ ಫ್ಲೋರಿನ್‌ಳ ವೀಸಾದ ಬೆನ್ನು ಹಿಡಿದು ಮೆಲ್ಬರ್ನ್. ಇಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಪೇರಿಸುತ್ತ ವರ್ಷಗಳು ಸರಿದವು, ಆಮೇಲೆ ಶಾಲೆಯ ಮುಂದಿನ ಈ ಫಲಕ. ಟ್ರಂಪೆಟ್ ಕ್ರಿಸ್‌ಮಸ್‌ಗೊಮ್ಮೆ ಹೊರಗೆ ಬರುತ್ತಿತ್ತು. ಒಂದು ಭಾನುವಾರ ವೆರಿಬಿಯ ಇಗರ್ಜಿಯ ಹಿಂದಿನ ಹಾಲ್‌ನಲ್ಲಿ ನಾಲ್ಕೈದು ತರುಣರು ಗಿಟಾರ್ ಹಿಡಿದು ಹಾಡುತ್ತಿದ್ದುದನ್ನು ಕೇಳಿ ಅವನು ಬಾಗಿಲಲ್ಲಿ ನಿಂತ. ಬರ್ಮಾದ ಬೆಟ್ಟಗಳ ಕಡೆಯ ಕರೆನ್ನಿ ಜನ, ಕೆಥೊಲಿಕರು. ಗಂಡಸರ ಹೆಸರಿನ ಕೊನೆಗೆ ‘ರೇ’, ಹೆಂಗಸರ ಹೆಸರಿನ ಕೊನೆಗೆ ‘ಮೇ’; ಕೆಲವರಿಗೆ ಇಗರ್ಜಿಯಲ್ಲಿ ಇಟ್ಟ ಹೆಸರೇ ಬಳಕೆ. ಅವರಲ್ಲೊಬ್ಬ ಹಳೆಯ ಸಾಮಾನಿನ ಅಂಗಡಿಯಿಂದ ತಂದ ಟ್ರಂಪೆಟನ್ನು ಊದಲಾಗದೆ ಬೆವರುತ್ತಿದ್ದ. ಕೋಳಿ ಮಾಂಸದ ಕಾರ್ಖಾನೆಯಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಓಡಿಸುವವನು, ಪ್ಲೂ ರೇ.

“ಕೆನ್ನೆ ಉಬ್ಬಿಸ್ಬೇಡ. ಬಲೂನ್ ಮಾರ್ತಿದ್ದೀಯಾ?” ಎಂದು ಸೆಡ್ರಿಕ್ ಇಂಗ್ಲಿಷಿನಲ್ಲಿ ಗದರಿದ್ದೇ ಅವರಿಬ್ಬರ ಪರಿಚಯ.

ಮುಂದಿನ ವಾರದಿಂದ ಪ್ಲೂ ರೇ ಗರಾಜಿಗೆ ಬರತೊಡಗಿದ. ಜೊತೆಗೆ ತಂಗಿ ಲೂಸಿಯಾ. ಅಣ್ಣ ಊದುವಾಗ ತಂಗಿ ಊಟದ ಮೇಜಿನಲ್ಲಿ ಫ್ಲೋರಿನ್‌ಳ ಎದುರು ಕೂತು ನರ್ಸಿಂಗ್ ಪಾಠ ಒಪ್ಪಿಸುತ್ತಿದ್ದಳು. ಮೀನಿನ ಗಸಿ ಒಲೆಯ ಮೇಲೆ ಕುದಿಯುವಾಗ ಒಂದು ಕಡೆ ತಪ್ಪು ಸ್ವರ, ಒಂದು ಕಡೆ ಎಲುಬುಗಳ ಹೆಸರು. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿರುವ ಮಗಳು ಕ್ಲೌಡಿಯಾ ಫೋನಿನಲ್ಲಿ ಆ ಗದ್ದಲ ಕೇಳಿ, “ಡ್ಯಾಡಿ, ನಾನಿದ್ದಾಗ ಮನೆ ಇಷ್ಟು ಜೋರಿರ್ಲಿಲ್ಲ ಅಲ್ವಾ,” ಎಂದು ಸಣ್ಣ ಹೊಟ್ಟೆಕಿಚ್ಚಿನಲ್ಲಿ ನಗುತ್ತಿದ್ದಳು.

ಪ್ಲೂ ರೇಯವರ ಊರಿನ ಯುದ್ಧ ಆಗಲೇ ಶುರುವಾಗಿತ್ತು. ಮೊದಲ ವರ್ಷ ಇಲ್ಲಿನ ಕರೆನ್ನಿಗಳೆಲ್ಲ ಸಿಟ್ಟಿನಿಂದ ಉರಿಯುತ್ತಿದ್ದರು. ಬೀದಿಯಲ್ಲಿ ಮೆರವಣಿಗೆ, ಹಾಲ್‌ಗಳಲ್ಲಿ ಸಭೆ. ವರ್ಷಗಳು ಉರುಳಿದಂತೆ ಸುದ್ದಿ ಬರುವ ಫೋನನ್ನು ಜನ ಕವುಚಿ ಇಡತೊಡಗಿದರು. ಆ ಹೊತ್ತಿನಲ್ಲಿ ಸಿಡ್ನಿಯಲ್ಲಿ ಒಂದು ಸಭೆ ಏರ್ಪಟ್ಟಿತು. ಏರ್ಪಡಿಸಿದವನು ಮಾರ್ಟಿನ್ ಎಂಬ ಹಿರಿಯ ಕರೆನ್ನಿ. ಹರೆಯದಲ್ಲಿ ಬರ್ಮಾದ ಕಾಡಿನಲ್ಲಿ ಹೋರಾಡಿ, ಎಡಗಾಲಿನ ಬೆರಳುಗಳನ್ನು ನೆಲಬಾಂಬಿಗೆ ಕೊಟ್ಟು ಬಂದವನು. ಈಗ ಶಾಲೆಗಳಲ್ಲಿ ನೆಲ ಒರೆಸುವ ಕೆಲಸ. ಗಟ್ಟಿಯಾಗಿ ಮಾತಾಡಿದವನಲ್ಲ. ಅವನು ಬಂದು, “ಬ್ರದರ್, ನಿನ್ನ ವಾದ್ಯ ಇದ್ದರೆ ಜನಕ್ಕೆ ಒಳ್ಳೆಯದಾಗುತ್ತದೆ,” ಎಂದು ಕರೆದಾಗ ಸೆಡ್ರಿಕ್ ಹಿಂದೆ ಮುಂದೆ ನೋಡಲಿಲ್ಲ. ಮನೆಯವರು ಕೇಳಿದ್ದಾರೆ, ನುಡಿಸಬೇಕು.

ಕ್ವೇಕರ್ಸ್ ಹಿಲ್‌ನಿಂದ ಸ್ವಲ್ಪ ದೂರದ ಆ ಹಾಲ್‌ನಲ್ಲಿ ಮೀನುಸಾರಿನ ಶಾವಿಗೆಯ ವಾಸನೆ ತುಂಬಿತ್ತು. ಪರದೆಯ ಮೇಲೆ ಸತ್ತವರ ಮುಖಗಳು ಒಂದೊಂದಾಗಿ ಬಂದು ಹೋಗುತ್ತಿದ್ದವು. ಜನ ತಟ್ಟೆ ನೋಡುತ್ತಿದ್ದರು. ಮಾರ್ಟಿನ್ ಮಾತು ಮುಗಿಸಿದಾಗ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಅವನು ಕುಂಟುತ್ತ ವೇದಿಕೆಯ ಅಂಚಿಗೆ ಬಂದು, “ಬ್ರದರ್, ಏನಾದರೂ ಊದು. ಇವರೂ ಸತ್ತ ಹಾಗೆ ಕೂತಿದ್ದಾರೆ,” ಎಂದ.

ಸತ್ತ ಹಾಗೆ ಕೂತ ಜನರನ್ನು ಎಬ್ಬಿಸುವ ಒಂದೇ ಒಂದು ರಾಗ ಸೆಡ್ರಿಕ್‌ಗೆ ಗೊತ್ತಿತ್ತು: ಮಂಗಳೂರಿನ ಮದುವೆಯ ಗ್ರ್ಯಾಂಡ್ ಮಾರ್ಚ್. ಮದುಮಕ್ಕಳ ಹಿಂದೆ ನೆಂಟರಿಷ್ಟರು ಜೋಡಿ ಜೋಡಿಯಾಗಿ ಸಾಲುಗಟ್ಟಿ ಹಾಲ್ ಸುತ್ತುವಾಗ ನುಡಿಸುವುದು ಅದು. ಸಾಲು ಬೆಳೆಯುತ್ತಿರುವ ತನಕ ನುಡಿಸುವವನು ನಿಲ್ಲಿಸಬಾರದು. ಅರ್ಧಕ್ಕೆ ನಿಂತರೆ ಮದುವೆಗೆ ಅಪಶಕುನ. ಅವನು ಕಣ್ಣು ಮುಚ್ಚಿ ಎತ್ತಿಕೊಂಡ. ಪ್ಲೂ ರೇ ಪಕ್ಕದಲ್ಲಿ ಜೊತೆಗೂಡಿದ. ಮೊದಲು ಪಾದಗಳು ನೆಲ ತಟ್ಟಿದವು, ಆಮೇಲೆ ಕೈಗಳು. ಕಣ್ಣು ತೆರೆದಾಗ ತರುಣ ತರುಣಿಯರು ಎದ್ದು ಒಬ್ಬರ ಹಿಂದೊಬ್ಬರು ಮುಂದಕ್ಕೆ ಬರುತ್ತಿದ್ದರು. ಮಾರ್ಟಿನ್ ಪ್ರತಿಯೊಬ್ಬರ ಕೊರಳಿಗೂ ಕೆಂಪು ಶಾಲು ಹಾಕುತ್ತಿದ್ದ. ಮರ್ಯಾದೆ ಮಾಡುತ್ತಿದ್ದಾರೆ ಎಂದುಕೊಂಡ ಸೆಡ್ರಿಕ್. ಸಾಲು ಉದ್ದವಾಗುತ್ತಿತ್ತು. ಅವನು ರಾಗವನ್ನು ಮತ್ತೆ ಮೊದಲಿಂದ ಎತ್ತಿದ. ಮೂರನೆಯ ಸುತ್ತಿನಲ್ಲಿ ಪಕ್ಕದ ಟ್ರಂಪೆಟ್ ನಿಂತಿತು. ಪ್ಲೂ ರೇ ಅದನ್ನು ಕುರ್ಚಿಯ ಮೇಲಿಟ್ಟು ಸಾಲಿನ ಕೊನೆಗೆ ಹೋಗಿ ಸೇರಿಕೊಂಡಿದ್ದ. ಹೋಗಲಿ, ಹುಡುಗ, ಅವನೂ ಕುಣಿಯಲಿ ಎಂದು ಸೆಡ್ರಿಕ್ ಇನ್ನೂ ಜೋರಾಗಿ ಊದಿದ.

ಸಭೆಗೆ ಜೊತೆಗೆ ಬಂದಿದ್ದ ಕ್ಲೌಡಿಯಾ ತನ್ನ ಮನೆಗೆ ಮರಳುವಾಗ ಕಾರಿನಲ್ಲಿ ಕೇಳಿದಳು. “ಡ್ಯಾಡಿ, ಅದೇನು ಅಂತ ಗೊತ್ತಾಯ್ತಾ ನಿಮ್ಗೆ?”

“ಗ್ರ್ಯಾಂಡ್ ಮಾರ್ಚ್. ನಿನ್ನ ಮದುವೆಯಲ್ಲಿ ಸಹ ಇಷ್ಟು ಜೋರಾಗಿರ್ಲಿಲ್ಲ.”

“ಕೆಂಪು ಶಾಲು ಹಾಕಿಸ್ಕೊಂಡವರು ಯುದ್ಧಕ್ಕೆ ಹೋಗ್ಲಿಕ್ಕೆ ಒಪ್ಪಿದವರು ಡ್ಯಾಡಿ. ನನ್ನ ಪಕ್ಕ ಕೂತಿದ್ದ ಹೆಂಗಸು ಹೇಳಿದ್ಲು. ಅವಳ ಮಗ ಕೂಡ ಆ ಸಾಲಲ್ಲಿ ಇದ್ದ.”

ಹೋಗುತ್ತೇನೆ ಎಂದು ಅವರಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಲ್ಲಿಯ ಕಾನೂನಿನ ಭಯವೂ ಇತ್ತು, ತಾಯಂದಿರ ಭಯವೂ ಇತ್ತು. “ಅಜ್ಜಿಯನ್ನು ನೋಡಿಕೊಂಡು ಬರುತ್ತೇನೆ” ಎನ್ನುತ್ತಾರೆ. ಅಷ್ಟು ಹೇಳಿ ಥಾಯ್ಲೆಂಡಿನ ವಿಮಾನ ಹತ್ತುತ್ತಾರೆ.

ಮರುದಿನ ಮೆಲ್ಬರ್ನಿಗೆ ಹಿಂದಿರುಗುವಾಗ ವ್ಯಾನ್ ಓಡಿಸಿದವನು ಪ್ಲೂ ರೇ. ಅರ್ಧ ದಾರಿಯಲ್ಲಿ ಕಾಫಿಗೆಂದು ನಿಲ್ಲಿಸಿದಾಗ ಸೆಡ್ರಿಕ್ ಕೇಳಿದ. “ನೀನೂ ಅಜ್ಜಿಯನ್ನು ನೋಡಲು ಹೋಗುವವನಾ?”

“ನನಗೆ ಅಜ್ಜಿಯೇ ಇಲ್ಲ ಅಂಕಲ್. ನಾನು ಹುಟ್ಟುವ ಮೊದಲೇ ತೀರಿಕೊಂಡಳು.” ಹುಡುಗ ನಕ್ಕ. ಕಾಗದದ ಲೋಟವನ್ನು ಎರಡೂ ಕೈಯಲ್ಲಿ ತಿರುಗಿಸುತ್ತ, ತಮಾಷೆಯ ದನಿಯಲ್ಲೇ ಹೇಳಿದ. “ನಿನ್ನೆ ನಾನು ಕಾಯ್ತಿದ್ದೆ ಅಂಕಲ್. ನೀವು ನಿಲ್ಲಿಸಿದರೆ ಕೂತುಬಿಡೋಣ ಅಂತ. ನೀವು ಇನ್ನೊಂದು ಸುತ್ತು ಶುರು ಮಾಡಿಬಿಟ್ಟಿರಿ.”

ಚಳಿಗಾಲ ಮುಗಿಯುವ ಮೊದಲು ಅವನು ಹೊರಟ. ಬೇಸಿಗೆ ಮುಗಿಯುವ ಮೊದಲು ಸುದ್ದಿ ಬಂತು. ಒಂದು ನದಿಯ ದಂಡೆ, ಒಂದು ಡ್ರೋನು. ದೇಹವನ್ನು ಜೊತೆಯವರೇ ಅಲ್ಲೆಲ್ಲೋ ಹೂತರು. ಅಷ್ಟೇ ತಿಳಿದದ್ದು.

ಶುಕ್ರವಾರ ಸಂಜೆ ಸೆಡ್ರಿಕ್ ಗರಾಜಿನಲ್ಲಿ ಟ್ರಂಪೆಟ್ಟಿನ ಗುಂಡಿಗಳಿಗೆ ಎಣ್ಣೆ ಬಿಡುತ್ತಿದ್ದಾಗ ಲೂಸಿಯಾ ಬಂದಳು. ಅಣ್ಣ ಹೋದ ಮೇಲೆ ಅವಳು ಗರಾಜಿಗೆ ಬರುವುದು ನಿಂತಿತ್ತು. ಮುಂಬಾಗಿಲಿನಿಂದ ಬಂದು ಪಾಠ ಒಪ್ಪಿಸಿ ಹೋಗುತ್ತಿದ್ದಳು. ಈಗ ಅಣ್ಣ ಕೂರುತ್ತಿದ್ದ ಹಾಲಿನ ಕ್ರೇಟಿನ ಮೇಲೆ ಕೂತಳು.

“ಭಾನುವಾರ ಆ ಮಾರ್ಚ್ ಊದುತ್ತೀರಲ್ಲ ಅಂಕಲ್? ಅಣ್ಣನಿಗೆ ತುಂಬಾ ಇಷ್ಟ ಇತ್ತು.”

“ನಿನ್ನ ಪರೀಕ್ಷೆ ಯಾವಾಗ?”

“ಮುಂದಿನ ತಿಂಗಳು. ಅದಾದ ಮೇಲೆ...” ಅವಳು ನೆಲ ನೋಡಿದಳು. “ಅಜ್ಜಿಯನ್ನು ನೋಡಿಕೊಂಡು ಬರುತ್ತೇನೆ.”

“ನಿನಗೆ ಅಜ್ಜಿ ಇಲ್ಲ. ನಿನ್ನ ಅಣ್ಣನೇ ಹೇಳಿದ್ದಾನೆ.”

“ಅಲ್ಲಿ ಗಾಯ ಕಟ್ಟುವವರಿಲ್ಲ ಅಂಕಲ್. ಅಣ್ಣನಿಗೆ ಬಿದ್ದ ಪೆಟ್ಟು ಸಾಯುವಂಥದ್ದಾಗಿರಲಿಲ್ಲವಂತೆ. ರಕ್ತ ನಿಲ್ಲಿಸುವವರಿರಲಿಲ್ಲ.”

ಸೆಡ್ರಿಕ್‌ನ ಕೈಯಿಂದ ಎಣ್ಣೆ ನೆಲಕ್ಕೆ ತೊಟ್ಟಿಕ್ಕಿತು. “ಗಟ್ಟಿ ಮಾಡಿದ್ದೀಯಾ?”

“ಇನ್ನೂ ಇಲ್ಲ. ಒಂದು ದಿನ ಹೋಗಬೇಕು ಅನ್ನಿಸುತ್ತೆ, ಒಂದು ದಿನ ಅಮ್ಮನ ಮುಖ ನೋಡಿ ಬೇಡ ಅನ್ನಿಸುತ್ತೆ. ಭಾನುವಾರ ಎಲ್ಲರೂ ಇರುತ್ತಾರಲ್ಲ, ಆವಾಗ ಗೊತ್ತಾಗುತ್ತೆ. ನೀವು ಊದಿದರೆ ಕಾಲು ತಾನಾಗಿ ನಡೆಯುತ್ತೆ ಅಂತ ಅಣ್ಣ ಹೇಳುತ್ತಿದ್ದ.” ಹೊಗಳಿಕೆಯೆಂದೇ ಅವಳು ಅದನ್ನು ಹೇಳಿದಳು. ಎದ್ದು, ಚೆಲ್ಲಿದ ಎಣ್ಣೆಯನ್ನು ಚಿಂದಿಯಿಂದ ಒರೆಸಿ ಹೋದಳು.

ಫ್ಲೋರಿನ್ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ನೈಟ್ ಶಿಫ್ಟಿಗೆ ಹೊರಡುವ ನೀಲಿ ಬಟ್ಟೆಯಲ್ಲಿದ್ದಳು. “ನಾನು ಅವಳಿಗೆ ಎಲುಬಿನ ಹೆಸರು ಬಾಯಿಪಾಠ ಮಾಡಿಸಿದ್ದು ಎಂತಕ್ಕೆ?” ಎಂದಳು ಕೊಂಕಣಿಯಲ್ಲಿ. “ಕಾಡಿನಲ್ಲಿ ಹೆಕ್ಕಿ ಎಣಿಸ್ಲಿಕ್ಕಾ?”

“ನಾನೆಂತ ಮಾಡ್ಲಿ, ಹೇಳು. ಪೂಜೆಗೆ ಹೋಗದಿದ್ರೆ ಸತ್ತವನಿಗೆ ಅವಮಾನ. ಹೋದ್ರೆ ಊದ್ಬೇಕು.”

“ಸತ್ತವನಿಗೆ ಊದಿ. ಬದುಕಿದವಳಿಗೆ ಊದ್ಬೇಡಿ.”

“ಮಾರ್ಟಿನ್‌ಗೆ ಎಂತ ಹೇಳುದು? ಅವರದ್ದು ಕೂಡ ನ್ಯಾಯವೇ. ಸೈನ್ಯದವರು ಅವರ ಊರು ಸುಟ್ಟಿದ್ದಾರೆ ಫ್ಲೋರಿನ್, ಇಗರ್ಜಿ ಸುಟ್ಟಿದ್ದಾರೆ. ಯಾರೂ ಹೋಗದಿದ್ರೆ...”

“ನ್ಯಾಯ ಇರ್ಲಿ. ಪರೀಕ್ಷೆಗೆ ಕೂತ್ಕೊಳ್ಳೂದು ನ್ಯಾಯ ಅಲ್ವಾ?” ಅವಳು ಕಾರಿನ ಕೀಲಿ ಹುಡುಕತೊಡಗಿದಳು. ಅದು ಅವಳ ಕೈಯಲ್ಲೇ ಇತ್ತು.

ಶನಿವಾರ ಸೆಡ್ರಿಕ್ ವೆರಿಬಿಗೆ ಹೋಗಿ ಪ್ಲೂ ರೇಯ ತಾಯಿ ಸೋ ಮೇಯನ್ನು ಕಂಡ. ಅವಳು ಊದಬೇಡ ಎಂದರೆ ಸಾಕು, ಮಾರ್ಟಿನ್‌ಗೆ ಹೇಳಲು ಒಂದು ಮಾತು ಸಿಗುತ್ತದೆ ಎಂಬ ಆಸೆ ಅವನಿಗೆ. ಅವಳು ಹಿತ್ತಿಲಿನಲ್ಲಿ ಕುಂಬಳದ ಬಳ್ಳಿಯ ಎಳೆಯ ಎಲೆಗಳನ್ನು ಚಿವುಟುತ್ತಿದ್ದಳು. ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೂ ನಿಧಾನವಾಗಿ ಜೋಡಿಸಿ ಹೇಳುತ್ತಾಳೆ. ಚಹಾ ತಂದಿಟ್ಟಳು. ಬಾಗಿಲಿನ ಹಿಂದಿನ ಗೂಟದಲ್ಲಿ ಕಾರ್ಖಾನೆಯ ಹಳದಿ ಜಾಕೆಟ್ ಇನ್ನೂ ತೂಗುತ್ತಿತ್ತು.

“ನಾಳೆ ಮಾರ್ಚ್ ಊದಬೇಕೆನ್ನುತ್ತಾರೆ,” ಎಂದ ಸೆಡ್ರಿಕ್. “ನೀನು ಬೇಡ ಎಂದರೆ ನಾನು ಊದುವುದಿಲ್ಲ.”

ಅವಳು ಎಲೆಗಳ ನಾರು ತೆಗೆಯುತ್ತ ಯೋಚಿಸಿದಳು. “ಊದು,” ಎಂದಳು.

ಅವನು ಅವಳನ್ನು ನೋಡಿದ.

“ನನ್ನ ಮಗ ಮಲಗಿರುವ ಜಾಗ ಈಗ ನಮ್ಮವರ ಕೈಲಿದೆ. ಎಲ್ಲರೂ ಸಾಕು ಎಂದು ಕೂತರೆ ಅದು ಸೈನ್ಯದವರ ಕೈಗೆ ಹೋಗುತ್ತೆ. ಅವರು ಗೋರಿಯ ಮೇಲೆ ಬೂಟು ಇಟ್ಟು ನಡೆಯುತ್ತಾರೆ. ನಾನು ಒಂದು ದಿನ ಹೋಗಿ ಅಲ್ಲಿ ಕೂರಬೇಕು.”

“ಲೂಸಿಯಾ?”

ನಾರು ತೆಗೆಯುವ ಬೆರಳುಗಳು ನಿಂತವು. ಮತ್ತೆ ಶುರುವಾದವು. “ಲೂಸಿಯಾ ನನಗೆ ಏನೂ ಹೇಳಿಲ್ಲ. ನಾನೂ ಕೇಳಿಲ್ಲ. ನಮ್ಮ ಮನೆಯಲ್ಲಿ ಅಜ್ಜಿಯ ಮಾತು ಯಾರೂ ತೆಗೆಯುವುದಿಲ್ಲ.” ಹೊರಡುವಾಗ ಅವಳು ಎಳೆ ಎಲೆಗಳನ್ನು ಒಂದು ಚೀಲಕ್ಕೆ ತುಂಬಿ ಫ್ಲೋರಿನ್‌ಗೆಂದು ಕೊಟ್ಟಳು. ಕಾರಿನವರೆಗೆ ಬಂದು ಕಿಟಕಿಯ ಹತ್ತಿರ ಬಾಗಿದಳು. ಕಾರಿನ ಚಾವಣಿಯನ್ನು ಮೆಲ್ಲಗೆ ಒಂದು ಸಲ ತಟ್ಟಿದಳು.

ಭಾನುವಾರ ಗಾಳಿ ಬಲವಾಗಿತ್ತು. ಇಗರ್ಜಿಯಲ್ಲಿ ಶವಪೆಟ್ಟಿಗೆ ಇರಬೇಕಾದ ಜಾಗದಲ್ಲಿ ಒಂದು ಮೇಜು, ಮೇಜಿನ ಮೇಲೆ ಚೌಕಟ್ಟು ಹಾಕಿದ ಫೋಟೊ, ಫೋಟೊದ ಮುಂದೆ ಅಂಗಡಿಯ ಆ ಹಳೆಯ ಟ್ರಂಪೆಟ್. ಫೋಟೊದಲ್ಲಿ ಪ್ಲೂ ರೇ ಹೋರಾಟದ ಪಡೆಯ ಸಮವಸ್ತ್ರದಲ್ಲಿದ್ದ. ಸೆಡ್ರಿಕ್ ಆ ಬಟ್ಟೆಯಲ್ಲಿ ಅವನನ್ನು ನೋಡಿರಲಿಲ್ಲ. ಅಳತೆ ದೊಡ್ಡದಾಗಿ ಭುಜ ಜೋಲುತ್ತಿತ್ತು. ಪೂಜೆ ಮುಗಿದ ಮೇಲೆ ಲೂಸಿಯಾ ಫೋಟೊ ಎತ್ತಿಕೊಂಡಳು. ಇಗರ್ಜಿಯ ಬಾಗಿಲಿನಿಂದ ಅಂಗಳದ ಕೊನೆಯ ನೀಲಗಿರಿ ಮರದ ತನಕ, ಅಲ್ಲಿ ನೆಟ್ಟ ಸಣ್ಣ ಮರದ ಶಿಲುಬೆಯ ತನಕ ಮೆರವಣಿಗೆ. ಸೆಡ್ರಿಕ್ ಎಲ್ಲರ ಮುಂದೆ ನಡೆದ.

ಜೆರಿ ಬಾಪ್ಪು ಕಲಿಸಿದ ನಿಧಾನದ ಮಾರ್ಚ್ ಅದು. ಒಂದು ಹೆಜ್ಜೆಗೆ ಒಂದು ಸ್ವರ, ಸ್ವರಕ್ಕೂ ಸ್ವರಕ್ಕೂ ನಡುವೆ ಮತ್ತೊಂದು ಹೆಜ್ಜೆಯಷ್ಟು ಮೌನ. ಗಾಳಿ ಕೆಲವು ಸ್ವರಗಳನ್ನು ಕಸಿದುಕೊಂಡು ಪಾರ್ಕಿಂಗ್‌ನ ಕಡೆಗೆ ಒಯ್ದಿತು. ಪಕ್ಕದಲ್ಲಿ ಎರಡನೆಯ ಟ್ರಂಪೆಟ್ ಇರಬೇಕಾದ ಕಡೆ ಅವನ ಕಿವಿ ಹೋಗುತ್ತಿತ್ತು. ಶಿಲುಬೆಯ ಬಳಿ ಬಂದಾಗ ಸೋ ಮೇ ತನ್ನ ಹಿತ್ತಿಲಿನಿಂದ ತಂದ ಮಣ್ಣನ್ನು ಹಿಡಿ ಹಿಡಿಯಾಗಿ ಬುಡಕ್ಕೆ ಹಾಕಿದಳು. ಹಾಕಿ ಮುಗಿಯುವ ತನಕ ಅವನು ಊದಿದ. ಕೊನೆಯ ಸ್ವರವನ್ನು ಉಸಿರಿರುವಷ್ಟು ಹೊತ್ತು ಹಿಡಿದು ಬಿಟ್ಟ.

ಜನ ಕದಲಲಿಲ್ಲ. ಕೆಲವರು ಅಳುತ್ತಿದ್ದರು, ಹೆಚ್ಚಿನವರು ನೆಲ ನೋಡುತ್ತಿದ್ದರು. ಸಿಡ್ನಿಯ ಹಾಲ್‌ನಲ್ಲಿ ಕಂಡ ಅದೇ ಸೋತ ಭುಜಗಳು. ಮಾರ್ಟಿನ್ ಕುಂಟುತ್ತ ಹತ್ತಿರ ಬಂದ. ತೋಳಿನ ಮೇಲೆ ಮಡಿಚಿದ ಕೆಂಪು ಶಾಲುಗಳಿದ್ದವು.

“ಈಗ, ಬ್ರದರ್,” ಎಂದ ಮೆಲುದನಿಯಲ್ಲಿ.

ಸೆಡ್ರಿಕ್ ವಾದ್ಯವನ್ನು ಕೆಳಗಿಳಿಸಿದ. “ನಮ್ಮಲ್ಲಿ ಮಣ್ಣು ಬಿದ್ದ ಮೇಲೆ ಊದುವುದಿಲ್ಲ ಮಾರ್ಟಿನ್.”

“ನಿಮ್ಮಲ್ಲಿ ಇರಬಹುದು. ನಮ್ಮ ಪಡೆಯಲ್ಲಿ ಹಾಗಲ್ಲ. ಹೋಗುವಾಗ ನಿಧಾನ, ಬರುವಾಗ ಜೋರು. ನಾನು ಎಷ್ಟು ಜನ ಗೆಳೆಯರನ್ನು ಹೂತಿದ್ದೇನೆ. ಬರುವಾಗ ಜೋರಾಗಿ ಹಾಡದಿದ್ದರೆ ನಾವು ಗೋರಿಯ ಹತ್ತಿರವೇ ಕೂತುಬಿಡುತ್ತಿದ್ದೆವು.”

“ಕೂರಲಿ. ಒಂದು ದಿನ ಕೂರಲಿ.”

“ನಮಗೆ ಒಂದು ದಿನ ಇಲ್ಲ ಬ್ರದರ್.” ಮಾರ್ಟಿನ್‌ನ ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದಿನಗಳಿಂದ ನಿದ್ದೆಗೆಟ್ಟವನ ಕಣ್ಣು. “ಹೋದ ತಿಂಗಳು ಒಬ್ಬರೂ ಹೊರಡಲಿಲ್ಲ. ಅಲ್ಲಿರುವ ಹುಡುಗರು ಕೇಳುತ್ತಾರೆ, ನಮ್ಮನ್ನು ಮರೆತಿರಾ ಎಂದು. ನಾನು ಏನು ಹೇಳಲಿ? ನಾನೇ ಹೋಗುತ್ತಿದ್ದೆ. ಈ ಕಾಲನ್ನು ಯಾರು ಹೊರುತ್ತಾರೆ? ಇವನ ಹೆಸರಿನಲ್ಲಿ ಇವತ್ತು ಎದ್ದರೆ ಎದ್ದರು. ನಾಳೆ ಎಲ್ಲರೂ ಕೆಲಸಕ್ಕೆ ಹೋಗುತ್ತಾರೆ, ಟಿವಿ ನೋಡುತ್ತಾರೆ.”

ಮಾರ್ಟಿನ್ ಹೇಳಿದ್ದರಲ್ಲಿ ಸುಳ್ಳು ಎಂಬುದು ಯಾವುದೂ ಇರಲಿಲ್ಲ.

ಫೋಟೊವನ್ನು ಎದೆಗವಚಿಕೊಂಡ ಲೂಸಿಯಾ ಎರಡು ಹೆಜ್ಜೆ ಮುಂದೆ ಬಂದಳು. “ಊದಿ ಅಂಕಲ್,” ಎಂದಳು. “ಒಂದೇ ಸುತ್ತು.”

ಅವಳ ಬಲಗಾಲು ಆಗಲೇ ಕೊಂಚ ಮುಂದಿತ್ತು. ಹಿಮ್ಮಡಿ ನೆಲದಿಂದ ತುಸು ಎದ್ದಿತ್ತು. ಅವಳ ಹಿಂದೆ ಸೋ ಮೇ, ಮಣ್ಣಾದ ಕೈಗಳನ್ನು ಎರಡೂ ಬದಿಗೆ ಇಳಿಬಿಟ್ಟುಕೊಂಡು, ಊದು ಎಂದಿದ್ದ ಆ ತಾಯಿ, ಮಗಳ ಕಾಲನ್ನೇ ನೋಡುತ್ತಿದ್ದಳು.

ಸೆಡ್ರಿಕ್ ಬಾಯಿಕೊಳವೆಯನ್ನು ತಿರುಗಿಸಿ ಕಳಚಿದ. ಒಳಗೆ ನಿಂತಿದ್ದ ಉಸಿರಿನ ನೀರು ಒಂದೆರಡು ಹನಿ ಹುಲ್ಲಿಗೆ ಬಿತ್ತು. ಕೊಳವೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡ. ಟ್ರಂಪೆಟನ್ನು ಕಂಕುಳಲ್ಲಿ ಇರಿಸಿದ.

“ಏನು ಮಾಡುತ್ತಿದ್ದೀಯ ಬ್ರದರ್?” ಎಂದ ಮಾರ್ಟಿನ್. “ಜನ ಕಾಯುತ್ತಿದ್ದಾರೆ. ನೋಡು, ಸಿಡ್ನಿಯಲ್ಲಿ ನೀನು ಊದಿದ್ದು ನನ್ನ ಫೋನಿನಲ್ಲಿದೆ. ಬೇಕಾದರೆ ಅದನ್ನೇ ಹಾಕಬಹುದು. ಆದರೆ ಅದು ಇದರ ಹಾಗಲ್ಲ, ನೀನು ಇಲ್ಲಿ ನಿಂತು...”

ಸೆಡ್ರಿಕ್ ತಿರುಗಿದ. ನೀಲಗಿರಿಯ ಒಣ ಎಲೆಗಳ ಮೇಲೆ ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಟ್ಟ.

“ಅಂಕಲ್?” ಎಂದಳು ಲೂಸಿಯಾ.

“ಬ್ರದರ್, ಒಂದು ನಿಮಿಷ ನಿಲ್ಲು, ನಾನು ಹೇಳುವುದನ್ನು ಕೇಳು. ಪ್ಲೂ ರೇ ಇದ್ದಿದ್ದರೆ ಅವನೇ...” ಎನ್ನುತ್ತಿದ್ದ ಮಾರ್ಟಿನ್ ಹಿಂದಿನಿಂದ. ಸೆಡ್ರಿಕ್ ಕತ್ತು ತಿರುಗಿಸಲಿಲ್ಲ. ಬಂದ ದಾರಿಯಲ್ಲೇ, ಬಂದದ್ದಕ್ಕಿಂತಲೂ ನಿಧಾನವಾಗಿ, ಮಾತಾಡದೆ, ಊದದೆ, ಹಿಂದೆ ಇನ್ನೊಂದು ಜೊತೆ ಕಾಲಿನ ಸದ್ದು ಕೇಳಿಸುತ್ತದೆಯೇ ಎಂದು ಕಿವಿಗೊಟ್ಟು ನಡೆಯುತ್ತ ಹೋದ.